ಮೆಟ್ಟಿಲಿಗೆ ಸುರಿದ ನೀರು

"ಏಳೋ ಮೇಲೆ! ಯಾರ ಮನೆ ಮೆಟ್ಟಿಲು ಅಂತ ಕೂತ್ಬಿಟ್ಟೆ?"

ಲೀಲಾವತಮ್ಮ ಕಾಗದದ ಲೋಟವನ್ನು ಕೊಟ್ಟಿದ್ದೇ ಒಂದು ಮೊಳ ದೂರದಿಂದ. ಚಹಾ ಕೊಟ್ಟ ಕೈ ಇನ್ನೂ ಒಳಗೆ ಹೋಗಿರಲಿಲ್ಲ, ಆಗಲೇ ಬಾಯಿ ಶುರುವಾಯಿತು. ಬೆಳಗಿನ ಏಳು ಗಂಟೆ, ಮೈನಸ್ ಹನ್ನೊಂದು ಡಿಗ್ರಿ. ನಾಲ್ಕು ಗಂಟೆಯಿಂದ ಸಲಿಕೆ ಹಿಡಿದು ನಲವತ್ತು ಮನೆಗಳ ಮುಂದಿನ ಹಿಮ ಎತ್ತಿ ಹಾಕಿದ್ದೆ. ಯಾರೂ ಜಾರದಿರಲಿ ಅಂತ ಪ್ರತಿ ಮೆಟ್ಟಿಲಿಗೂ ಸಣ್ಣ ಜಲ್ಲಿ ಎರಚಿದ್ದೆ. ಮೊಣಕಾಲು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಕೂತೆ. ನಾನೇ ಗುಡಿಸಿದ ಮೆಟ್ಟಿಲ ಮೇಲೇ ಕೂತೆ.

"ಕಾಲು ಮರಗಟ್ಟೋಗದೆ ಅಮ್ಮೋರೆ, ಅದ್ಕೆ..."

"ಮರಗಟ್ಟಿದ್ರೆ ನಿಮ್ಮನೆಗೆ ಹೋಗಿ ಕೂರು. ಶುಕ್ರವಾರ ಬೇರೆ. ಥೂ!"

ಈಯಮ್ಮ ಮೈಸೂರಿನಿಂದ ಬಂದು ಮೂರು ವಾರವಾಗಿತ್ತು. ಬಂದ ದಿನವೇ, "ಊರಲ್ಲಿ ನಿಮ್ಮನೆ ಯಾವ ಕಡೆಯಪ್ಪ?" ಅಂತ ನಯವಾಗಿ ಕೇಳಿದ್ದಳು. "ಕೆರೆ ಆಚೆ ಕೇರಿ" ಅಂದೆ. ನಾನ್ಯಾಕೆ ಸುಳ್ಳು ಹೇಳಲಿ? ಮಾರನೇ ದಿನದಿಂದ ಸ್ಟೀಲ್ ಲೋಟ ಹೋಗಿ ಕಾಗದದ ಲೋಟ ಬಂತು.

ಹತ್ತು ಹೆಜ್ಜೆ ನಡೆದಿದ್ದೆ. ಹಿಂದೆ ದಬಾರ್ ಅಂತ ನೀರು ಸುರಿದ ಸದ್ದು. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು. ಗೌಡರ ಜಗಲಿಯಿಂದ ನಮ್ಮಪ್ಪ ಎದ್ದು ಬಂದ ಮೇಲೂ ಹೀಗೇ ಕೇಳಿಸುತ್ತಿತ್ತು. ಸ್ವೀಡನ್ನಿನ ಈ ಶೋವ್ಡೆಯಲ್ಲೂ ಕೇಳಿಸುತ್ತದೆ ಅಂದುಕೊಂಡಿರಲಿಲ್ಲ, ಅಷ್ಟೆ. ತಿರುಗಿ ನೋಡಲಿಲ್ಲ. ನೋಡಬೇಕಿತ್ತು.

ಒಂಬತ್ತಕ್ಕೆ ಅಭಿಜಿತ್‌ನ ಫೋನು ಬಂತು. ಲೀಲಾವತಮ್ಮನ ಮಗ, ನನ್ನ ಧಣಿ. ದೊಡ್ಡ ರಸ್ತೆಯ ಹಿಮವನ್ನು ಕಮ್ಯೂನಿನ, ಅಂದರೆ ಇಲ್ಲಿನ ನಗರಸಭೆಯ, ಟ್ರ್ಯಾಕ್ಟರು ತಳ್ಳಿ ಹೋಗುತ್ತದೆ. ಈ ಹೌಸಿಂಗ್ ಸೊಸೈಟಿಯ ಒಳದಾರಿ, ಮೆಟ್ಟಿಲುಗಳೆಲ್ಲ ಅವನ ಕಂಪನಿಯ ಕಂಟ್ರಾಕ್ಟು. ಅವನ ಮನೆಯೂ ಇಲ್ಲೇ. ಅವನಿಗೂ ಪಕ್ಕದ ಮನೆಯ ಎಂಬತ್ತು ದಾಟಿದ ಮುದುಕಿ ಗುನ್ನೆಲ್‌ಗೂ ಮೆಟ್ಟಿಲು ಒಂದೇ.

"ಲೋ ಬೋಳಿಮಗನೇ, ಎಲ್ಲಿದ್ಯಾ? ಗುನ್ನೆಲ್ ಬಿದ್ದಿದ್ದಾಳೆ. ಸೊಂಟದ ಮೂಳೆ ಹೋಗಿದೆ. ಆಂಬುಲೆನ್ಸ್ ಬಂದು ಹೋಯ್ತು. ಬಾ ಇಲ್ಲಿ!"

ಓಡಿದೆ. ಮೆಟ್ಟಿಲು ಕನ್ನಡಿಯಂತೆ ಹೊಳೆಯುತ್ತಿತ್ತು. ಮುದುಕಿಯ ಒಂದು ಕೈಗವಸು ಅಲ್ಲೇ ಬಿದ್ದಿತ್ತು. ದಿನಾ "ಹೇಯ್ ಹೇಯ್" ಅಂತ ಕೈಬೀಸುತ್ತಿದ್ದವಳು.

"ಜಲ್ಲಿ ಹಾಕಿವ್ನಿ ಸಾ. ಫೋಟೋನೂ ಕಳ್ಸಿವ್ನಿ. ನೋಡಿ ಬೇಕಾರೆ."

ಜಲ್ಲಿ ಎರಚಿದ ಮೇಲೆ ಪ್ರತಿ ಮೆಟ್ಟಿಲಿನ ಫೋಟೋ ತೆಗೆದು ಕಂಪನಿಯ ಫೋನಿನಿಂದ ಅಭಿಜಿತ್‌ಗೇ ಕಳಿಸಬೇಕು. ಅದು ನಮ್ಮ ಕೆಲಸದ ನಿಯಮ. ಅಭಿಜಿತ್ ಆ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡ. ನನ್ನ ಕಣ್ಣೆದುರೇ ಎರಡು ಸಲ ಒತ್ತಿದ. ನನ್ನ ಕಡೆ ಇದ್ದ ಫೋಟೋನೂ ಹೋಯಿತು.

"ಯಾವ ಫೋಟೋ?" ಅಂದ.

ಬಾಗಿಲ ಸಂದಿಯಲ್ಲಿ ಲೀಲಾವತಮ್ಮ ನಿಂತಿದ್ದಳು. "ಒಂದು ಬಿಂದಿಗೆ ನೀರು ಕಣೋ ಅಭಿ. ಒಣಗತ್ತೆ ಅಂದ್ಕೊಂಡೆ."

"ನೀನು ಒಳಗ್ ಹೋಗಮ್ಮ!" ಅಂತ ಕಿರುಚಿ ನನ್ನ ಕಡೆ ತಿರುಗಿದ. ದನಿ ಇಳಿಯಿತು. "ನೋಡು ಶಂಕರ, ಹನ್ನೊಂದಕ್ಕೆ ಸೊಸೈಟಿ ಪ್ರೆಸಿಡೆಂಟ್ ಬರ್ತಾಳೆ. ಜಲ್ಲಿ ಹಾಕೋದು ಮರೆತೆ ಅಂತ ಒಂದು ಪೇಪರ್‌ಗೆ ಸೈನ್ ಮಾಡು. ಕಂಪನಿ ಇನ್ಶೂರೆನ್ಸ್ ನೋಡ್ಕೊಳ್ಳತ್ತೆ. ಅಮ್ಮನ ಹೆಸರು ಬಂದ್ರೆ ಪೊಲೀಸು, ವೀಸಾ, ಎಲ್ಲಾ ರಾಮಾಯಣ."

"ನಂಗೆ ಪೊಲೀಸು ಬರಾಕಿಲ್ವಾ ಸಾ?"

"ಏಪ್ರಿಲ್‌ನಲ್ಲಿ ನಿನ್ನ ಪರ್ಮಿಟ್ ರಿನ್ಯೂವಲ್ ಇದೆ ಅಲ್ವಾ? ನಾನು ಲೆಟರ್ ಕೊಡ್ದೇ ಹೋದ್ರೆ? ಥಿಂಕ್ ಮಾಡು. ಅವಳು ಬರೋದ್ರೊಳಗೆ ಈ ಐಸ್ ಎಲ್ಲಾ ಒಡೆದು ಎಸಿ."

ನನ್ನ ಪರ್ಮಿಟ್ಟು ಇರುವುದೇ ಅವನ ಕಂಪನಿಯ ಹೆಸರಿನಲ್ಲಿ. ಅವನು ಬಿಟ್ಟರೆ ಮೂರು ತಿಂಗಳಲ್ಲಿ ಬೇರೆ ಕೆಲಸ ಹುಡುಕಬೇಕು. ಇಲ್ಲದಿದ್ದರೆ ಹೆಂಡತಿ ಮಗಳನ್ನು ಕಟ್ಟಿಕೊಂಡು ವಿಮಾನ ಹತ್ತಬೇಕು. ನನ್ನ ಸ್ವಂತ ಫೋನಿನಿಂದ ಹೆಂಡತಿ ಮಧುಶ್ರೀಗೆ ಕರೆ ಮಾಡಿದೆ. ಮಗಳನ್ನು ದಾಗಿಸ್‌ಗೆ, ಇಲ್ಲಿನ ಶಿಶುವಿಹಾರಕ್ಕೆ, ಬಿಡಲು ಹೋಗಿದ್ದಳು. "ಹೇ ದೋ, ಮಮ್ಮಾ!" ಅಂತ ಮಗು ಅಮ್ಮನಿಗೆ ಟಾಟಾ ಕೂಗಿದ್ದು ಕೇಳಿಸಿತು. ಎಲ್ಲವನ್ನೂ ಹೇಳಿದೆ.

ಮಧು ಅಂದಳು, "ಸೈನ್ ಹಾಕುದ್ರೆ ಮುದುಕಿ ಸೊಂಟ ಮುರ್ದೋನು ಅಂತಾರೆ. ಅಂತೋನ್ಗೆ ನಾಳೆ ಇನ್ಯಾರು ಕೆಲ್ಸ ಕೊಟ್ಟಾರು? ಹಾಕ್ದಿದ್ರೆ ಇವ್ನು ಲೆಟ್ರು ಕೊಡಾಕಿಲ್ಲ. ಅತ್ಲಾಗೂ ಬಾವಿ, ಇತ್ಲಾಗೂ ಬಾವಿ. ನಿನ್ ಮನ್ಸಿಗೆ ಬಂದಂಗೆ ಮಾಡು. ಮಗೀನ್ ಮುಂದೆ ತಲೆ ತಗ್ಸಂಗೆ ಮಾತ್ರ ಮಾಡ್ಬ್ಯಾಡ."

ಫೋನ್ ಇಟ್ಟು ಬಿಕ್ಕಿ ಬಿಕ್ಕಿ ಅತ್ತೆ. ಆ ಚಳಿಯಲ್ಲಿ ಕಣ್ಣೀರು ಕೆನ್ನೆಯ ಮೇಲೆ ಉರಿಯುತ್ತದೆ. ಹನ್ನೊಂದರವರೆಗೂ ಹಾರೆ ಮುಟ್ಟಲು ಮನಸ್ಸು ಬರಲಿಲ್ಲ.

ಹನ್ನೊಂದಕ್ಕೆ ಸರಿಯಾಗಿ ಪ್ರೆಸಿಡೆಂಟ್ ಬಂದಳು. ಎತ್ತರದ ಹೆಂಗಸು. ಮೆಟ್ಟಿಲ ಬದಿಯಲ್ಲಿ ಹುಷಾರಾಗಿ ಕಾಲಿಟ್ಟು, ನನಗೆ ತಲೆಯಾಡಿಸಿ ಒಳಗೆ ಹೋಗಿ ಬೂಟು ಬಿಚ್ಚಿದಳು. ಅಭಿಜಿತ್ ಕಾಫಿ, ಬಿಸ್ಕತ್ತು ಇಟ್ಟ. ನನಗೆ ಕಿಟಕಿಯಿಂದ ಸನ್ನೆ ಮಾಡಿದ: ಇನ್ನೂ ಒಡೆದಿಲ್ಲವೇನೋ, ಬೇಗ!

ಹಾರೆ ಎತ್ತಿ ಹೊಡೆದೆ. ಮೂರನೇ ಏಟಿಗೆ ಒಂದು ಗಡ್ಡೆ ಚಪ್ಪಡಿಯಾಗಿ ಎದ್ದು ಬಂತು. ಎತ್ತಿ ತಿರುಗಿಸಿದೆ. ಮೇಲೆಲ್ಲ ತಿಳಿ ಹಳದಿ. ಶುದ್ಧಿಗೆ ಅಂತ ಲೀಲಾವತಮ್ಮ ನೀರಿಗೆ ಅರಿಶಿನವನ್ನೂ ಕದಡಿದ್ದಳು. ತಳದಲ್ಲಿ ನಾನು ಬೆಳಿಗ್ಗೆ ಎರಚಿದ ಜಲ್ಲಿ, ಒಂದು ಕಾಳೂ ಅಲುಗಾಡದೆ ಕಚ್ಚಿಕೊಂಡಿತ್ತು.

ಎಸೆಯಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಬೂಟುಗಾಲಲ್ಲೇ ಒಳಗೆ ನಡೆದೆ.

"ಅಯ್ಯೋ, ಒಳಗೆ ಬಂದ್ಬಿಟ್ಟ! ದೇವರ ಕೋಣೆ ಇದೆಯೋ ಆ ಕಡೆ! ಅಭೀ!"

ಗಡ್ಡೆಯನ್ನು ಬಿಸ್ಕತ್ತಿನ ತಟ್ಟೆಯ ಪಕ್ಕ ಇಟ್ಟೆ. ಸೈನ್ ಮಾಡಬೇಕಿದ್ದ ಪೇಪರು ಅದರಡಿಗೆ ಹೋಯಿತು. ನನಗೆ ಬರುವ ಹರಕು ಸ್ವೀಡಿಶ್‌ನಲ್ಲಿ ಹೇಳಿದೆ: "ಕೆಳಗೆ ಜಲ್ಲಿ. ಅದು ನಾನು. ಮೇಲೆ ನೀರು. ಅದು ಇವರು."

"ಶಂಕರ, ನಿನ್ನ ಮಗಳ ಮುಖ ನೋಡ್ಕೊಂಡು ಬಾಯಿ ಮುಚ್ಚು," ಅಭಿಜಿತ್ ಕನ್ನಡದಲ್ಲಿ ಹಲ್ಲು ಕಡಿದ.

"ಅವ್ಳ ಮುಖ ನೋಡ್ಕಂಡೇ ಬಂದಿವ್ನಿ ಸಾ."

ಪ್ರೆಸಿಡೆಂಟ್ ಕನ್ನಡಕ ಹಾಕಿಕೊಂಡು ಗಡ್ಡೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಹಳದಿ ನೀರು ಬಿಳಿ ಮೇಜುಬಟ್ಟೆಗೆ ಇಳಿಯುತ್ತಿತ್ತು. ಈ ಚಳಿಯಲ್ಲಿ ಮೆಟ್ಟಿಲಿಗೆ ಯಾರಾದರೂ ಯಾಕೆ ನೀರು ಹಾಕುತ್ತಾರೆ ಅಂತ ಕೇಳಿದಳು. ಲೀಲಾವತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಾನು ಅಲ್ಲಿ ಕೂತೆ," ಅಂದೆ. "ಅದಕ್ಕೆ ತೊಳೆದರು."

ಪ್ರೆಸಿಡೆಂಟ್‌ಗೆ ಅರ್ಥವಾಗಲಿಲ್ಲ. ಇನ್ನೊಂದು ಸಲ ಹೇಳು ಅಂದಳು, ಹೇಳಿದೆ. ನನ್ನ ಭಾಷೆಯೇ ತಪ್ಪಿರಬೇಕು ಅಂದುಕೊಂಡು, ಇವನು ಏನು ಹೇಳುತ್ತಿದ್ದಾನೆ ಸರಿಯಾಗಿ ಹೇಳು ಅಂತ ಅಭಿಜಿತ್‌ನ ಮುಖ ನೋಡಿದಳು.