ಹದಿನೆಂಟರ ಗಾಡಿ

"ಬಾಗ್ಲ್ ಹಾಕ್ ಮಗಾ, ಭಟ್ರ್ ಬಂದ್ರ್," ಎಂದ ಸೋದರಮಾವ ರವಿರಾಜ್.

ಸ್ವಾತಿ ಹಾಕಲಿಲ್ಲ. ಬಾಗಿಲ ಸಂದಿಯಲ್ಲಿ ಅಂಟಿಸಿದ್ದ ಕಂಪೆನಿಯ ಸ್ಟಿಕ್ಕರನ್ನು ಹೆಬ್ಬೆರಳಿನಿಂದ ಉಜ್ಜಿದಳು. ಪಾಲಿಶ್‌ನ ಅಂಟಿನಡಿಯಿಂದ ಗಾಡಿ ತಯಾರಾದ ತಿಂಗಳು, ವರ್ಷ ಎದ್ದು ಬಂತು: ನವೆಂಬರ್, ಎರಡು ಸಾವಿರದ ಹದಿನೆಂಟು.

ಕೊಲ್ಲೂರಿನಲ್ಲಿ ವಾಹನ ಪೂಜೆಗೆ ನಿಂತ ಸಾಲಿನಲ್ಲಿ ಅವರ ಪುಟ್ಟ ಎಸ್‌ಯುವಿಯೇ ಮೊದಲು. ಹಿಂದಿನ ಸೀಟಿನಲ್ಲಿ ತಾಯಿ ಅಮ್ಮಣಿ ಕೈಮುಗಿದು ಕೂತಿದ್ದಳು.

"ಮಾವ, ಇದ್ ಹತ್ತೊಂಬತ್ರದ್ ಅಂದ್ರಿ."

"ರಿಜಿಸ್ಟ್ರಿ ಆದ್ದ್ ಹತ್ತೊಂಬತ್ರಂಗೇ ಅಲ್ದಾ? ಅದ್ರಂಗೆ ಎಂತ ಇತ್ತ್?"

ಎಂತ ಇದೆಯೆಂದು ಅಮ್ಮಣಿಯ ತಮ್ಮನಿಗೆ ಗೊತ್ತಿತ್ತು. ಹಳೆ ಗಾಡಿ ಮಾರುವುದೇ ಅವನ ಕಸುಬು. ಈ ಮಾಡೆಲ್‌ನಲ್ಲಿ ಹದಿನೇಳು, ಹದಿನೆಂಟರ ಗೇರ್‌ಬಾಕ್ಸ್ ಬಿಸಿಯಾದರೆ ಏರಿನಲ್ಲಿ ಕೈಬಿಡುತ್ತದೆ. ಹಾಗೆ ಹಿಂದಕ್ಕೆ ಜಾರಿ ರಸ್ತೆ ಬದಿಯ ತೋಡಿಗೆ ಬಿದ್ದ ಕೊಕ್ಕರ್ಣೆಯ ಗೆಳತಿ ರಮಿತಾ, ಹತ್ತೊಂಬತ್ತಕ್ಕಿಂತ ಹಳೆಯದನ್ನು ಮುಟ್ಟಬೇಡ ಎಂದು ಸ್ವಾತಿಗೆ ಹೇಳಿದ್ದಳು. ದೊಡ್ಡ ಪೇಟೆಯವರು ಬೇಡವೆಂದದ್ದು ಒರೆಸಿಕೊಂಡು, ಹೊಳೆಸಿಕೊಂಡು ಅವರ ಊರಾದ ಉಪ್ಪುಂದಕ್ಕೆ ಬರುತ್ತದೆ. ಅಲ್ಲಿಯ ಜೀವಗಳಿಗೆ ಅಷ್ಟೇ ಸಾಕು. ಶಾಲೆ ಶುರುವಾದರೆ ಸ್ವಾತಿ ಇದರಲ್ಲೇ ಕೇರಿಯ ಮಕ್ಕಳನ್ನು ತುಂಬಿಕೊಂಡು ಹೋಗಬೇಕು.

ಮಾವನಿಂದ ಗಾಡಿ ಕೊಳ್ಳುವ ಮೊದಲೇ ಪೂಜೆ ಯಾಕೆಂದು ಅವಳಿಗೆ ಈಗ ತಿಳಿಯಿತು. ಪೂಜೆಯಾದ ಗಾಡಿಯನ್ನು ಅವರ ಮನೆಯಲ್ಲಿ ಯಾರೂ ತಿರುಗಿ ಕೊಟ್ಟವರಿಲ್ಲ.

ಭಟ್ಟರು ಚಕ್ರಗಳಡಿ ನಿಂಬೆಹಣ್ಣು ಇಟ್ಟು, ಆರತಿ ಮುಗಿಸಿ, ಹೂವಿನ ಜೊತೆ ಕೀಲಿ ಚಾಚಿದರು. "ಗಾಡಿ ಯಾರದ್ದ್?"

ಸ್ವಾತಿ ಕೈ ಹಿಂದಕ್ಕೆ ಕಟ್ಟಿಕೊಂಡಳು. "ನಂದಲ್ಲ ಭಟ್ರೆ. ಮಾವನದ್ದ್. ಅವ್ರಿಗೇ ಕೊಡಿ."

"ಹೆಣೆ, ದೇವ್ರೆದ್ರ್ ಹಂಗ್ ಹೇಳುಕಾಗ." ಅಮ್ಮಣಿ ಕಿಟಕಿಯಿಂದ ತಲೆ ಹೊರಹಾಕಿದಳು. "ನಿನ್ನಪ್ಪ ಹೋದ್ ಮೇಲೆ ನಮ್ಮನ್ ಕಂಡ್ಕಂಡದ್ದ್ ಯಾರ್, ಇವ್ನೇ ಅಲ್ದಾ?"

"ಪೂಜಿ ಆದ್ ಗಾಡಿ. ಎಂತ ಆತಿಲ್ಲ," ಎಂದ ರವಿರಾಜ್, ಹಲ್ಲು ಕಚ್ಚಿ.

"ಕೊಲ್ಲೂರ್ ದೇವಿ ಹದಿನೆಂಟನ್ನ ಹತ್ತೊಂಬತ್ ಮಾಡ್ಕೊಡ್ತ್ಲಾ? ಎಂತ ಆತಿಲ್ದಿರೆ ನಿಮ್ಮ್ ಮಗಳ್ ಮೋಕ್ಷಿತಾನ ದಿನಾ ಇದ್ರಂಗೇ ಕಾಲೇಜಿಗ್ ಬಿಡಿ."



"ಹ್ವಾಯ್, ಗಾಡಿ ತೆಗಿನಿ ಮರ್ರೆ," ಹಿಂದಿನ ಜೀಪಿನಿಂದ ಯಾರೋ ಕೂಗಿದರು. "ಮನಿ ಜಗಳ ಮನಿಯಂಗೆ ಮಾಡಿ."

ರವಿರಾಜ್ ಭಟ್ಟರ ಕೈಯಿಂದ ಕೀಲಿ ಕಸಿದುಕೊಂಡು ಸ್ಟೇರಿಂಗ್ ಹಿಂದೆ ಕೂತ. "ಅಕ್ಕ, ನೀ ಕೂಕೋ. ಅವ್ಳ್ ಬಸ್ಸಂಗ್ ಬರ್ಲಿ."

ಎಂಜಿನ್ ಶುರುವಾಯಿತು. ಸ್ವಾತಿ ತಾಯಿಯ ಬದಿಯ ಬಾಗಿಲು ತೆರೆದು ಹಿಡಿದಳು.

ಅಮ್ಮಣಿ ತಮ್ಮನ ಬೆನ್ನನ್ನು ನೋಡಿದಳು. ಆಮೇಲೆ ಸೆರಗು ಒಟ್ಟುಮಾಡಿಕೊಂಡು, ಒಂದು ಕಾಲನ್ನು ಹೊರಗೆ ಚಾಚಿ, ನೆಲ ಎಲ್ಲಿದೆಯೆಂದು ಬೆರಳುಗಳಿಂದ ತಡಕಿದಳು.