ಬಾಕಿ ಉಳಿದ ಮೂರು ಬೋಲ್ಟು

ಎಂಜಿನ್ ಬಿಚ್ಚುವುದಕ್ಕೆ ಒಂದು ಸೆಟ್ ಸ್ಪ್ಯಾನರು, ಒಂದು ಸುತ್ತಿಗೆ, ಒಂದಿಷ್ಟು ಸಿಟ್ಟು ಇದ್ದರೆ ಸಾಕು. ಮೂರೂ ನಮ್ಮ ಮನೆಯಲ್ಲಿ ಧಾರಾಳವಾಗಿದ್ದವು. ಮತ್ತೆ ಜೋಡಿಸುವುದಕ್ಕೆ ಬೇಕಾದ ಸಾಮಾನೇ ಬೇರೆ, ಮತ್ತು ಅದಕ್ಕೆ ತಾಳ್ಮೆ ಬೇಕು. ಅದನ್ನು ಅಪ್ಪ ನಮ್ಮಿಬ್ಬರಿಗೂ ಬಿಟ್ಟುಹೋಗಲಿಲ್ಲ.

ಅಪ್ಪ ಬಿಟ್ಟುಹೋದದ್ದು ಕಾರು. ಅದು ಅಣ್ಣನಿಗಿಂತ ಮೂರು ವರ್ಷ ಚಿಕ್ಕದು, ನನಗಿಂತ ಎರಡು ವರ್ಷ ದೊಡ್ಡದು. ನನ್ನ ಮನೆಯ ಹಿಂದಿನ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದುಕೊಂಡು ನಿಂತಿದೆ. ಶೆಡ್ಡಿನ ಗೋಡೆಗೆ ಒಂದು ಹಲಗೆ ಬಡಿದು, ಪ್ರತಿ ಸಾಮಾನಿಗೂ ಮೊಳೆ ಹೊಡೆದು, ಸುತ್ತ ಸೀಮೆಸುಣ್ಣದಲ್ಲಿ ಅದರ ಆಕಾರ ಬರೆದವನು ಅಣ್ಣ. ಪಿಸ್ಟನ್ನಿನ ಉಂಗುರಗಳನ್ನು ಅದುಮಿ ಹಿಡಿಯುವ ತಗಡಿನ ಪಟ್ಟಿ, ವಾಲ್ವಿನ ಸ್ಪ್ರಿಂಗು ಒತ್ತುವ ಕ್ಲಾಂಪು, ಕೂದಲೆಳೆಯಷ್ಟು ಸಂದನ್ನೂ ಅಳೆಯುವ ಫೀಲರ್ ಗೇಜು ಎಲ್ಲ ತಂತಮ್ಮ ಜಾಗದಲ್ಲಿವೆ. ಒಂದು ಗೆರೆಯೊಳಗೆ ಮಾತ್ರ ಹನ್ನೊಂದು ವರ್ಷದಿಂದ ಏನೂ ಇರಲಿಲ್ಲ.

ಅದು ಟಾರ್ಕ್ ರೆಂಚಿನ ಜಾಗ. ಅದರ ಹಿಡಿಯನ್ನು ತಿರುಗಿಸಿ ಬೇಕಾದ ಅಂಕಿಗೆ ನಿಲ್ಲಿಸಿದರೆ, ಬೋಲ್ಟು ಅಷ್ಟು ಬಿಗಿಯಾದ ಕೂಡಲೇ ‘ಟಕ್’ ಎನ್ನುತ್ತದೆ. ಟಕ್ ಎಂದ ಮೇಲೆ ಎಳೆಯಬಾರದು. ಕೆಲಸ ಮುಗಿದ ಮೇಲೆ ಹಿಡಿಯನ್ನು ಸೊನ್ನೆಗೆ ತಿರುಗಿಸಿ ಇಡಬೇಕು. ನಾನು ಎರಡನ್ನೂ ಮರೆಯುತ್ತಿದ್ದೆ. ಅಣ್ಣ ಪಂಪಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಅವನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು.

“ಬಿಗಿಯಾಗೇ ಬಿಟ್ಟಿದೀಯಲ್ಲೋ ಕತ್ತೆ! ಸ್ಪ್ರಿಂಗ್ ಸೋತೋಗುತ್ತೆ, ಆಮೇಲೆ ಅದು ಬರೀ ಸುಳ್ಳು ಹೇಳುತ್ತೆ.”

ಹನ್ನೊಂದು ವರ್ಷದ ಹಿಂದೆ ಒಂದು ದಿನ, ಬಿಚ್ಚಿದ್ದ ಎಂಜಿನ್ನನ್ನು ಜೋಡಿಸುತ್ತಾ, ಅದರ ತಲೆಯ ಹತ್ತು ಬೋಲ್ಟುಗಳಿಗೆ ಕೊನೆಯ ಸುತ್ತಿನ ಬಿಗಿ ಕೊಡುತ್ತಿದ್ದೆವು. ಅಂಕಿ ಅರವತ್ತೆರಡು. ಪ್ರತಿ ಟಕ್‌ಗೂ ಅಣ್ಣ “ಹೂಂ, ಮುಂದಿಂದು” ಎನ್ನುತ್ತಿದ್ದ. ಏಳನೆಯದು ಟಕ್ ಎಂದ ಮೇಲೂ ನಾನು ಒಂದು ಚೂರು ಎಳೆದೆ. ಅಣ್ಣ ರೇಗಿದ. ನಾನು ಸುಮ್ಮನಿರಬಹುದಿತ್ತು. “ಅಪ್ಪ ಕಾರು ಕೊಟ್ಟಿದ್ದು ನನಗೆ, ನಿನಗಲ್ಲ. ನಿನ್ನ ಯಜಮಾನಿಕೆ ನಿನ್ನ ಮನೇಲಿಟ್ಕೋ” ಎಂದೆ. ರೆಂಚು ಅವನದಾಗಿತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟುಹೋದ.

ಅವನ ಮನೆ ಮೂರು ಬೀದಿ ಆಚೆಗೆ. ಎದುರು ಸಿಕ್ಕಾಗ ನಮ್ಮಲ್ಲೊಬ್ಬ ರಸ್ತೆ ದಾಟುತ್ತಿದ್ದ. ಯಾರು ದಾಟಬೇಕು ಎನ್ನುವುದರಲ್ಲಿ ಮಾತ್ರ ನಮಗೆ ಎಂದೂ ಜಗಳವಾಗಲಿಲ್ಲ. ಮದುವೆಯ ಗೋಜಿಗೆ ಹೋಗದ ನನಗೆ ಮನೆಯಲ್ಲಿ ಬುದ್ಧಿ ಹೇಳುವವರಿರಲಿಲ್ಲ. ನಕ್ಷೆ ಬರೆಯುವ ಕೆಲಸದಿಂದ ನಿವೃತ್ತನಾದ ಮೇಲೆ ಎಷ್ಟೋ ದಿನ ನನ್ನ ದನಿ ನಾನೇ ಕೇಳಿಸಿಕೊಳ್ಳುತ್ತಿರಲಿಲ್ಲ.

ಅಂಗಡಿಯಲ್ಲಿ ಬೇರೆ ಟಾರ್ಕ್ ರೆಂಚು ಸಿಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಸಿಗುತ್ತಿತ್ತು. ಎರಡು ಸಲ ಕೈಯಲ್ಲಿ ಹಿಡಿದು ನೋಡಿ ವಾಪಸಿಟ್ಟು ಬಂದಿದ್ದೇನೆ. ಕೊಂಡುಬಿಟ್ಟರೆ ಅಣ್ಣ ಬರುವುದಕ್ಕೆ ಕಾರಣವೇ ಇರುತ್ತಿರಲಿಲ್ಲ.

ಎರಡು ತಿಂಗಳ ಹಿಂದೆ ಅಣ್ಣ ಸತ್ತ. ಸ್ಮಶಾನದಲ್ಲಿ ಕೊನೆಯ ಸಾಲಿನಲ್ಲಿ ನಿಂತು ನೋಡಿ ಬಂದೆ. ಆಮೇಲೆ ಒಂದೇ ಪ್ರಶ್ನೆ ತಲೆ ತಿನ್ನತೊಡಗಿತು. ಇಷ್ಟು ವರ್ಷದಲ್ಲಿ ಒಂದು ದಿನವಾದರೂ ಅವನಿಗೆ ಬರಬೇಕು ಎನ್ನಿಸಿತ್ತೇ? ಇದನ್ನು ಹೇಳಬಲ್ಲವನು ಅವನೊಬ್ಬನೇ.

ಇವತ್ತು ಬೆಳಿಗ್ಗೆ ಅತ್ತಿಗೆ ಫೋನ್ ಮಾಡಿ, “ನಿಮ್ಮಣ್ಣನ ಸಾಮಾನು ಒಂದಿದೆ, ಬಂದು ತಗೊಂಡೋಗಿ” ಎಂದರು. ಹೋದೆ. ಹಾಲ್‌ನಲ್ಲಿ ಅವನ ಕನ್ನಡಕ ಇನ್ನೂ ರೇಡಿಯೋ ಮೇಲೆಯೇ ಇತ್ತು. ಅತ್ತಿಗೆ ಕಪಾಟಿನಿಂದ ಉದ್ದನೆಯ ಬಟ್ಟೆ ಗಂಟು ತಂದು ಮೇಜಿನ ಮೇಲಿಟ್ಟರು. ಬಿಚ್ಚಿದೆ. ತುಕ್ಕಿನ ಚುಕ್ಕೆಯೂ ಇಲ್ಲ. ಅಭ್ಯಾಸಬಲದಿಂದ ಕಣ್ಣು ಹಿಡಿಯ ಮೇಲಿನ ಅಂಕಿಗೆ ಹೋಯಿತು.

ಅರವತ್ತೆರಡು.

ನನಗೆ ನಗು ಬಂತು. ಜನ್ಮವಿಡೀ ನನ್ನ ಕಿವಿ ಹಿಂಡಿದ ಮನುಷ್ಯ ತಾನೇ ಸೊನ್ನೆಗೆ ತಿರುಗಿಸುವುದನ್ನು ಮರೆತಿದ್ದಾನೆ!

“ಅಣ್ಣ ಇದನ್ನ ಬಿಗಿಯಾಗೇ ಇಟ್ಟುಬಿಟ್ಟಿದಾನೆ ಅತ್ತಿಗೆ. ಮರೆತಿರಬೇಕು.”

“ಮರೆಯೋದೆಲ್ಲಿ ಬಂತು? ವರ್ಷಕ್ಕೊಂದ್ಸಲ ಎಣ್ಣೆ ಹಚ್ಚಿ ಒರೆಸೋರು. ನಾನೊಂದ್ಸಲ ಒರೆಸೋಕೆ ಹೋಗಿ ಹಿಡಿ ತಿರುಗಿಸ್ದೆ. ‘ಮುಟ್ಬೇಡ, ಕೆಲ್ಸ ಇನ್ನೂ ಮುಗಿದಿಲ್ಲ, ಮೂರು ಬೋಲ್ಟ್ ಬಾಕಿ ಇದೆ’ ಅಂತ ಮೈಮೇಲೆ ಬಿದ್ರು.”

ಹಿಡಿಯ ಮೇಲಿನ ಅಂಕಿಯನ್ನೇ ನೋಡುತ್ತಾ, “ಮತ್ಯಾಕೆ ಬರ್ಲಿಲ್ಲ?” ಎಂದೆ.

“ಅವನೇ ಬಂದು ಕೇಳ್ಲಿ ಅಂತಿದ್ರು. ನೀವ್ಯಾಕೆ ಬರ್ಲಿಲ್ಲ?”

“ಅವನೇ ತಂದುಕೊಡ್ಲಿ ಅಂತ.”

ಅತ್ತಿಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಟ್ಟೆಯನ್ನು ಮತ್ತೆ ಸುತ್ತಿ ನನ್ನ ಕೈಗೆ ಕೊಟ್ಟು, ಒಳಗೆ ಹೋಗಿ ನಲ್ಲಿ ಬಿಟ್ಟು ಪಾತ್ರೆ ತೊಳೆಯತೊಡಗಿದರು.

ಮನೆಗೆ ಬಂದು ಟಾರ್ಪಾಲು ತೆಗೆದೆ. ಹನ್ನೊಂದು ವರ್ಷ ಬಿಗಿದಿಟ್ಟ ಸ್ಪ್ರಿಂಗು ಸೋತಿರುತ್ತದೆ, ಅದು ಹೇಳುವ ಅರವತ್ತೆರಡು ಈಗ ಅರವತ್ತೆರಡಲ್ಲ ಎನ್ನುವುದು ನನಗೆ ಗೊತ್ತು. ಎಂಜಿನ್ನಿನ ತಲೆಯ ಕೆಳಗೆ ಸೋರದಂತೆ ಹಾಕುವ ತೆಳು ಗ್ಯಾಸ್ಕೆಟ್ಟೂ ಹಾಳಾಗಿರುತ್ತದೆ. ಹತ್ತೂ ಬೋಲ್ಟು ಬಿಚ್ಚಿ, ಹೊಸ ಗ್ಯಾಸ್ಕೆಟ್ ಹಾಕಿ, ಹೊಸ ರೆಂಚಿನಲ್ಲಿ ಮೊದಲಿನಿಂದ ಬಿಗಿಯಬೇಕು. ಆ ಕೆಲಸ ನಾಳೆ ಮಾಡುತ್ತೇನೆ.

ಇವತ್ತು ಅಣ್ಣನ ರೆಂಚನ್ನು ಎಂಟನೆಯ ಬೋಲ್ಟಿಗೆ ಕೂರಿಸಿ ನಿಧಾನವಾಗಿ ಎಳೆದೆ. ಟಕ್. ಕೈ ಅಲ್ಲೇ ನಿಲ್ಲಿಸಿದೆ. “ಹೂಂ, ಮುಂದಿಂದು” ಎನ್ನುವ ಮಾತಿಗೆ ಕಿವಿಗೊಟ್ಟು ನಿಂತೆ. ಶೆಡ್ಡಿನಲ್ಲಿ ನನ್ನ ಉಸಿರಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಒಂಬತ್ತನೆಯದು, ಟಕ್. ಹತ್ತನೆಯದು, ಟಕ್. ಒಂದಕ್ಕೂ ಒಂದು ಚೂರು ಹೆಚ್ಚು ಎಳೆಯಲಿಲ್ಲ.

ಆಮೇಲೆ ಹಿಡಿಯನ್ನು ಹಿಂದಕ್ಕೆ ತಿರುಗಿಸುತ್ತಾ ಹೋದೆ. ಐವತ್ತು, ಮೂವತ್ತು, ಹತ್ತು, ಸೊನ್ನೆ. ಒರೆಸಿ, ಸೀಮೆಸುಣ್ಣದ ಗೆರೆಯೊಳಗೆ ನೇತುಹಾಕಿದೆ. ಯಾರೂ ಬೈಯದೆ ನಾನು ಅದನ್ನು ಸೊನ್ನೆಗೆ ತಿರುಗಿಸಿಟ್ಟದ್ದು ಅದೇ ಮೊದಲು.