ಹಿಟ್ಟಿಗೆ ತೊಡಿಸಿದ ಜಾಕೆಟ್ಟು

"ಜಾಕೆಟ್ ಮುಟ್ಟಿದ್ರೆ ಕೈ ಮುರೀತೀನಿ, ಮುಂಡೇದೇ! ಹಿಟ್ಟು ಇನ್ನೂ ಉಬ್ಬಿಲ್ಲ!"

"ಅದು ನನ್ ಜಾಕೆಟ್ಟು ಕಣ್ರೀ! ಒಂಬತ್ತಕ್ಕೆ ಗಣಿತದ ಪರೀಕ್ಷೆ ಐತೆ. ಈ ಮೈನಸ್ ಹನ್ನೊಂದ್ರಾಗೆ ಏಪ್ರನ್ ಕಟ್ಕೊಂಡು ಹೋಗ್ಲಾ?"

ಸ್ವೀಡನ್ನಿನ ಮಾಲ್ಮೋ ಚಳಿಗೆ ದೋಸೆ ಹಿಟ್ಟು ಉಬ್ಬುವುದಿಲ್ಲ. ಓವನ್ನಿನಲ್ಲಿಟ್ಟರೆ ಕರೆಂಟು ದಂಡ. ಅದಕ್ಕೇ ಹೋಟೆಲಿನ ಯಜಮಾನ ಗೋಪೀನಾಥ, ಆರಕ್ಕೆ ಕೆಲಸಕ್ಕೆ ಬಂದ ಇಂಚರಾಳ ಜಾಕೆಟ್ಟು ಕಸಿದು ಹಿಟ್ಟಿನ ಡಬರಿಗೆ ತೊಡಿಸಿ ಜಿಪ್ಪು ಎಳೆದಿದ್ದ. ಮೇಲೆ ಅವಳ ಟೋಪಿ ಬೇರೆ. ಡಬರಿ ಬಸ್ಸಿಗೆ ಕಾಯುವ ದಪ್ಪ ಹೆಂಗಸಿನಂತೆ ಕೂತಿತ್ತು.

ಪಾತ್ರೆ ತಿಕ್ಕುತ್ತಿದ್ದ ನನಗೆ ನಗು ಬಂತು. ನುಂಗಿಕೊಂಡೆ. ಈ ದೇಶದಲ್ಲಿ ದುಡಿಯುವ ನನ್ನ ಪರ್ಮಿಟ್ಟೂ ಅವನ ಹೋಟೆಲಿನ ಹೆಸರಿನಲ್ಲೇ ಇದೆ.

ಇಂಚರಾ ಚಿಕ್ಕವಳಿದ್ದಾಗ ಅಪ್ಪನ ಜೊತೆ ಬಂದವಳು. ಅಪ್ಪನ ಪರ್ಮಿಟ್ಟು ಮುಗಿದ ಮೇಲೆ ಮೂರು ವರ್ಷ ಕಾಗದವಿಲ್ಲದೆ ಬದುಕಿದಳು. ಆಗ ಹಗಲು ಶಾಲೆ, ಸಂಜೆ ಇಲ್ಲಿ ಕದ್ದು ಈರುಳ್ಳಿ ಹೆಚ್ಚುವುದು. ಹೋದ ತಿಂಗಳು ಈ ಹೋಟೆಲಿನ ಕೆಲಸದ ಮೇಲೆ ಒಂದು ವರ್ಷದ ಪರ್ಮಿಟ್ಟು ಸಿಕ್ಕಿತು. ಎಲ್ಲರಿಗೂ ಸ್ವೀಟು ಹಂಚಿದಳು. ಮಾರನೆಯ ದಿನದಿಂದ ಇಡೀ ದಿನ ದುಡಿಮೆ. ಶಾಲೆ ಬಂದ್.

"ಪರ್ಮಿಟ್ಟಲ್ಲಿ ಅಡುಗೆ ಸಹಾಯಕಿ ಅಂತ ಬರ್ದವ್ರೆ, ಗಣಿತದ ಮೇಡಂ ಅಂತಲ್ಲ. ನಾನೊಂದು ಮೇಲ್ ಹಾಕಿದ್ರೆ ನಿನ್ ಪರ್ಮಿಟ್ಟು ಢಮಾರ್!"

"ಈ ಪರೀಕ್ಷೆ ತಪ್ಪಿದ್ರೆ ಶಾಲೇಲಿ ಹೆಸರು ಹೊಡೆದಾಕ್ತಾರೆ."

"ಹಾಕ್ಲಿ. ದೋಸೆ ದುಂಡಗೆ ಬಂದ್ರೆ ಸಾಕು. ಸಂಜೆ ಕನ್ನಡ ಸಂಘದೋರು ನನಗೆ ಸನ್ಮಾನ ಮಾಡ್ತಾವ್ರೆ."

ಸನ್ಮಾನದ ರೇಷ್ಮೆ ಶಾಲು, ಮೈಸೂರು ಪೇಟ ಗಲ್ಲಾದ ಮೇಲಿದ್ದವು. ಬೆಂಗಳೂರಿನಿಂದ ತನಗೆ ತಾನೇ ತರಿಸಿಕೊಂಡಿದ್ದ.

ಇಂಚರಾ ಸರಕ್ಕನೆ ಜಿಪ್ಪು ಬಿಚ್ಚಿ ಜಾಕೆಟ್ಟು ಕಿತ್ತುಕೊಂಡಳು.

"ಅಯ್ಯೋ, ಹಿಟ್ಟಿಗೆ ಚಳಿ ಆಯ್ತದೆ ಕಣೇ ಲೌಡಿ!" ಗೋಪೀನಾಥ ಓಡಿಬಂದು ಡಬರಿಯನ್ನು ತಬ್ಬಿಕೊಂಡ.

ಅವಳು ಶಾಲು ತಂದು ಅವನನ್ನೂ ಡಬರಿಯನ್ನೂ ಸೇರಿಸಿ ಸುತ್ತಿ ಗಂಟು ಹಾಕಿದಳು. ತನ್ನ ಟೋಪಿ ತೆಗೆದುಕೊಂಡು, ಪೇಟವನ್ನು ಡಬರಿಯ ಮುಚ್ಚಳಕ್ಕೆ ಇಟ್ಟಳು.

"ಸನ್ಮಾನ ಆಯ್ತು, ಬಿಗಿಯಾಗಿ ಹಿಡ್ಕಳಿ ಯಜಮಾನ್ರೇ."

"ಪ್ರಭಾಕರಾ, ಹಿಡಿಯೋ ಅವಳ್ನ!" ನನ್ನತ್ತ ಕಿರುಚಿದ.

ನನ್ನ ಕೈಯೆಲ್ಲ ಸೋಪು. ತೊಳೆದುಕೊಂಡೆ. ಇನ್ನೊಂದು ಸಲ ತೊಳೆದುಕೊಂಡೆ. ಬಾಗಿಲು ಬಡಿದ ಸದ್ದಾಯಿತು.

ಅವಳು ಮತ್ತೆ ಬರಲಿಲ್ಲ. ಪರೀಕ್ಷೆ ಬರೆದಳೋ, ಪೊಲೀಸರು ಊರಿನ ವಿಮಾನ ಹತ್ತಿಸಿದರೋ, ಗೊತ್ತಿಲ್ಲ.

ಮಾರನೆಯ ಬೆಳಿಗ್ಗೆ ಗೋಪೀನಾಥ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಜಾಕೆಟ್ಟಿನ ಕಾಲರ್ ಹಿಸುಕಿ ನೋಡಿದ.

"ನಿಂದೂ ದಪ್ಪಗೈತೆ ಕಣೋ."

ಬೈಗುಳ ಬಾಯಿತನಕ ಬಂತು. ಜಿಪ್ಪು ಬಿಚ್ಚಿದೆ.